ಧರೆಪ್ಪ ನಂಬಿದ ಎರಡು ಕೈಗಳು

ಧರೆಪ್ಪ ಟ್ರ್ಯಾಕ್ಟರು ಹತ್ತುವ ಮೊದಲು ಅದಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದ. ಕಬ್ಬು ಹೇರಿದ ಎರಡೂ ಟ್ರೇಲರುಗಳ ಗಾಲಿಗಳನ್ನು ಬೆತ್ತದಿಂದ ತಟ್ಟಿ, ಕೊಂಡಿಗಳನ್ನು ಜಗ್ಗಿ, ಹಿಂಬದಿಯ ಕೆಂಪು ಬಟ್ಟೆ ದೂರಕ್ಕೆ ಕಾಣುವುದೇ ಎಂದು ಹತ್ತು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದಾಗಿಸಿ ಪರೀಕ್ಷಿಸುವ ಆ ನಿಧಾನಗತಿ ಗಲಗಲಿ ಊರಿನ ಉಳಿದ ಚಾಲಕರಿಗೆ ನಗೆಯ ವಸ್ತುವಾಗಿತ್ತು.

"ಗಾಡಿ ಹೊಡ್ಯಾಂವ ಅದಿಯೋ, ಹೆಣ್ಣ ನೋಡಾಕ ಬಂದ ಬೀಗ ಅದಿಯೋ?" ಎಂದು ಕೆಣಕುತ್ತಿದ್ದವನು ದುರಗೇಶ. ಅದೇ ದುರಗೇಶ ಒಂದು ಮಧ್ಯಾಹ್ನ ಕುಡಿದು ಬಂದಾಗ ಧರೆಪ್ಪ ಅವನ ಕೀಲಿಕೈ ಕಸಿದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ. "ಕುಡದ ಕೈಯಾಗ ಸ್ಟೇರಿಂಗ್ ಕೊಡೂದಿಲ್ಲಲೇ. ಬೈತಿ ಬೈ, ಅಳತಿ ಅಳು. ನಿದ್ದಿ ಮಾಡಿ ಎದ್ದು ಬಾ."

ಮೊಬೈಲು ಊರಿಗೆ ಬಂದ ಮೇಲೂ ಅವನು ಸ್ಟೇರಿಂಗಿನಿಂದ ಕೈ ತೆಗೆದು ಮಾತಾಡಲಿಲ್ಲ. ಕರೆ ಬಂದರೆ ಗುಂಡಿಯೊತ್ತಿ, ಫೋನನ್ನು ಕಿವಿಯ ಬಳಿ ರುಮಾಲಿನೊಳಗೆ ತುರುಕಿ ಮಾತಿಗಿಳಿಯುತ್ತಿದ್ದ. ಹೆಂಡತಿ ಕೆಂಪವ್ವ ಅಂಜಿದರೆ, "ಎರಡೂ ಕೈ ಸ್ಟೇರಿಂಗ್ ಮ್ಯಾಲ ಅದಾವಲ್ಲ, ಮತ್ತೇನಬೇ?" ಎನ್ನುತ್ತಿದ್ದ. ಆಕೆಯೂ ನಂಬಿದಳು.

೨೦೦೯ರ ಜನವರಿಯ ಒಂದು ಮುಂಜಾನೆ ಮಗಳು ಕಾವೇರಿಯನ್ನು ನೋಡಲು ಗಂಡಿನವರು ಬಂದಿದ್ದರು. ಸಕ್ಕರೆ ಕಾರ್ಖಾನೆಯ ದಾರಿಯಲ್ಲಿದ್ದ ಧರೆಪ್ಪನಿಗೆ ಕೆಂಪವ್ವನ ಕರೆ ಬಂತು: "ಎಲ್ಲಿ ಅದೀರಿ? ಮಂದಿ ಬಂದ ಕುಂತಾರ. ಸಕ್ರಿ ಡಬ್ಬಿ ಎಲ್ಲಿ ಇಟ್ಟೀರಿ?"

ಮುಂದೆ ಕಾಲುವೆಯ ತಿರುವಿತ್ತು. ಅಲ್ಲಿ ಹಿಂದಿನ ಟ್ರೇಲರು ರಸ್ತೆಯ ಒಳಅಂಚಿಗೆ ಎಳೆಯುತ್ತದೆಂದು ಬಲ್ಲ ಧರೆಪ್ಪ, ನಡೆದು ಬರುವವರಿದ್ದರೆ ನಿಂತು, ಅವರು ದಾಟಿದ ಮೇಲೆಯೇ ಹೊರಳಿಸುವವನು. ಆ ದಿನ ಎದುರಿಗೆ ಆ ಅಂಚಿನಲ್ಲೇ ಅದೇ ಊರಿನ ತಾಯವ್ವ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬರುತ್ತಿದ್ದಳು. ಅವನ ಕಣ್ಣು ರಸ್ತೆಯ ಮೇಲೆಯೇ ಇತ್ತು. ನೋಟ ಮಾತ್ರ ಅಡುಗೆಮನೆಯ ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ತಡಕುತ್ತಿತ್ತು. ಟ್ರ್ಯಾಕ್ಟರು ನಿಲ್ಲದೆ ಹೊರಳಿತು. ಹಿಂದಿನ ಟ್ರೇಲರಿನ ಗಾಲಿ ತಾಯವ್ವನ ಬಲಗಾಲಿನ ಮೇಲೆ ಹಾಯಿತು. ವೈದ್ಯರು ಮೊಣಕಾಲಿನ ಕೆಳಗಿನ ಭಾಗವನ್ನು ತೆಗೆಯಬೇಕಾಯಿತು.

"ನೀ ಕುಡಿದಿದ್ದಿಲ್ಲ, ಅಷ್ಟ ಹೇಳು. ಫೋನಿನ ಸುದ್ದಿ ತಗೀಬ್ಯಾಡ" ಎಂದ ಟ್ರ್ಯಾಕ್ಟರಿನ ಮಾಲೀಕ ಹೊಳಬಸಪ್ಪ. ಧರೆಪ್ಪ ಪೊಲೀಸರೆದುರು ಅಷ್ಟನ್ನೇ ಹೇಳಿದ. ಅವನ ಬಾಯಿ ಮೂಸಿದವರಿಗೆ ಸಂಶಯವೇ ಉಳಿಯಲಿಲ್ಲ. ಆಕೆಯೇ ಅಡ್ಡ ಬಂದಿರಬೇಕೆಂದು ಊರು ತೀರ್ಮಾನಿಸಿತು. ಜೀವನದುದ್ದಕ್ಕೂ ಕಾಪಾಡಿಕೊಂಡ ಶುದ್ಧಿ ಒಂದು ಸುಳ್ಳಿಗೆ ಸಾಕ್ಷಿಯಾಯಿತು.

ತಿಂಗಳ ಬಳಿಕ ಅವನು ತಾಯವ್ವನ ಮನೆಗೆ ಹೋಗಿ ಹೊಸ್ತಿಲಲ್ಲೇ ಕುಳಿತ. ಆಕೆ ಬೈಯಲಿಲ್ಲ.

"ನೀ ನನ್ನ ನೋಡಾಕತ್ತಿದ್ದಿ ಅಣ್ಣಾ. ಕಣ್ಣಿಗೆ ಕಣ್ಣ ಕೂಡಿದ್ದುವು. ಧರೆಪ್ಪಣ್ಣ ನೋಡ್ಯಾನ, ನಿಂದರಸ್ತಾನ ಅಂತ ನಾ ಸರೀಲಿಲ್ಲ."

ಅವನು ಅಲ್ಲಿಂದ ನೇರ ಠಾಣೆಗೆ ನಡೆದ. "ಫೋನಿನ್ಯಾಗ ಮಾತಾಡಾಕತ್ತಿದ್ದೆ. ಕೈ ಸ್ಟೇರಿಂಗ್ ಮ್ಯಾಲ ಇದ್ದುವರಿ ಸಾಹೇಬ್ರ, ಮನಸು ಮನ್ಯಾಗಿತ್ತು" ಎಂದು ಬರೆಯಿಸಿ ಹೆಬ್ಬೆಟ್ಟು ಒತ್ತಿದ. ಮತ್ತೆಂದೂ ಟ್ರ್ಯಾಕ್ಟರು ಹತ್ತಲಿಲ್ಲ.

ಒಂದು ದೋಷವನ್ನು ಆಯುಷ್ಯವಿಡೀ ಬಾಗಿಲಲ್ಲೇ ತಡೆದು ನಿಂತ ಇಂಥ ಶಿಸ್ತಿನ ಜನ, ಮನೆಯವರ ಅಕ್ಕರೆಯ ದನಿಯಲ್ಲಿ ಒಳಬರುವ ಇನ್ನೊಂದನ್ನು ಅಪಾಯವೆಂದು ಗುರುತಿಸುವುದೇ ಇಲ್ಲ. ಅವರ ಕ್ಷಣಮಾತ್ರದ ಮರೆವು ಕುಡುಕನ ಅಮಲಿಗಿಂತ ಕ್ರೂರವಾದದ್ದು. ಕುಡುಕನನ್ನು ಕಂಡರೆ ಊರು ದಾರಿ ಬಿಟ್ಟು ಸರಿಯುತ್ತದೆ. ಇವರನ್ನು ಕಂಡರೆ ನಿಶ್ಚಿಂತೆಯಿಂದ ನಡೆಯುತ್ತಲೇ ಇರುತ್ತದೆ.