ಅರವತ್ತನೆಯ ಕೋಣೆ

ಐವತ್ತೊಂಬತ್ತು ಮುಗಿದಿದ್ದವು. ಉಳಿದ ಒಂದು ಕೋಣೆಗಾಗಿ ಹಾಲೇಶ ಶಿಗ್ಗಾಂವದಿಂದ ತನ್ನೂರು ಆಡೂರಿಗೆ ಬೈಕಿನಲ್ಲಿ ಬಂದು, ತೀರಿಕೊಂಡ ರಾಘಣ್ಣ ಮಾಸ್ತರರ ಮನೆಯ ಮುಂದೆ ನಿಂತಿದ್ದ.

ಕೋಣೆ ಒಂದು ಕಂಪ್ಯೂಟರ್ ಆಟದ್ದು. ಆ ಆಟದಲ್ಲಿ ಚಿತ್ರಗಳಿಲ್ಲ, ಬರೀ ಮಾತು. ಎಲ್ಲೆಲ್ಲಿಯೋ ಕೂತ ನೂರು ಜನರಲ್ಲಿ ಯಾರಾದರೂ 'ಮೂಡಲಿಗೆ ಹೋಗು' ಎಂದು ಟೈಪ್ ಮಾಡಿದರೆ ಮೂಡಲ ಜಾಗದ ವರ್ಣನೆಯೂ ಅಲ್ಲಿರುವವರ ಹೆಸರೂ ಪರದೆಯ ಮೇಲೆ ಬರುತ್ತವೆ. ಅಲ್ಲಿ ಬಾವಿಯೂ ಕೋಣೆ, ಹೊಲವೂ ಕೋಣೆ. ಒಂದರಿಂದ ಇನ್ನೊಂದಕ್ಕೆ ದಾರಿ ಬರೆಯಬೇಕು. ಬರೆಯದಿದ್ದರೆ ದಾರಿ ಇಲ್ಲ. ತನ್ನೂರನ್ನು ಅರವತ್ತು ಕೋಣೆಗಳಲ್ಲಿ ಕಟ್ಟಿಕೊಡುತ್ತೇನೆಂದು ಹಾಲೇಶ ಒಪ್ಪಿದ್ದ. ಆಟ ನಡೆಸುವವನು ಮಾಸ್ತರರ ಮಗ ವೇದವ್ಯಾಸ, ಹಾಲೇಶ ಪಾಠ ಮಾಡುವ ಕಾಲೇಜಿನವನೇ. ಸಂಜೆ ಐದಕ್ಕೆ ಅವನು ಪರೀಕ್ಷಿಸಿ ಹೂಂ ಅಂದರೆ ರವಿವಾರ ಊರು ಎಲ್ಲರಿಗೂ ತೆರೆಯುತ್ತದೆ.

ಹಾಲೇಶನಿಗೆ ಹೆಮ್ಮೆ ಇತ್ತು. ಹುಟ್ಟಿದ ಊರಿನ ಬಗ್ಗೆ ಅಲ್ಲ, ಕಟ್ಟಿದ ಊರಿನ ಬಗ್ಗೆ. ಶಾಸನದ ಕಲ್ಲಿನ ನೆರಳಿಗೆ ಮಲಗುವ ಎಮ್ಮೆ, ಅವ್ವನ ಒಲೆಯ ಮುಂದಿನ ಮಸಿಗೋಡೆ, ಒಂದೊಂದು ಸಾಲನ್ನೂ ಹತ್ತು ಸಲ ತಿದ್ದಿದ್ದ. ಕಣ್ಣಾರೆ ಕಾಣದ್ದನ್ನು ಒಂದಕ್ಷರವೂ ಬರೆದಿರಲಿಲ್ಲ. ಇಲ್ಲದ್ದನ್ನು ಹೊಸೆಯುವವರು ಬೇರೆ ಇದ್ದಾರೆ, ತಾನು ಅಂಥವನಲ್ಲ.

ವೇದವ್ಯಾಸನ ತಾಯಿ ಗೋಪಿಕಾಬಾಯಿ ಬಾಗಿಲಿಗೆ ಬಂದರು.

“ಬಾರಪಾ ಹಾಲೇಶ. ವ್ಯಾಸ ಫೋನ್ ಮಾಡಿದ್ದ. ಪಡಸಾಲಿ ನೋಡಬೇಕಂತಲ್ಲ, ಒಳಗ ಬಾ.”

“ಹೂನ್ರಿ ಬಾಯಾರ, ಬಂದೆ.”

ಬಂದೆ ಎಂದವನು ಜಗಲಿಯ ಎಡಗಂಬದ ಬುಡದಲ್ಲಿ ಕುಳಿತುಬಿಟ್ಟಿದ್ದ. ಕುಳಿತ ಮೇಲೆಯೇ ಅವನಿಗೆ ಗೊತ್ತಾಯಿತು. ಪಿಎಚ್‌.ಡಿ. ಪಡೆದ ತಲೆ ಒಳಗೆ ಹೊರಟಿತ್ತು, ಮೈ ತನ್ನ ಹಳೆಯ ಜಾಗ ಹಿಡಿದಿತ್ತು.

ಅವನ ಕೇರಿಯವರಿಗೆ ಆಗ ಜಗಲಿಯೇ ಗಡಿ. ಆರು ವರ್ಷ ಅಲ್ಲಿ ಕುಳಿತು ಲೆಕ್ಕ ಕಲಿತಿದ್ದ. ವೇದವ್ಯಾಸ ಹೊಸ್ತಿಲ ಒಳಗೆ, ಇವನು ಹೊರಗೆ. ಮಾಸ್ತರರು ತಿದ್ದಿದ ಪಾಟಿಯನ್ನು ಹೊಸ್ತಿಲ ಮೇಲಿಟ್ಟು ಕೈ ತೆಗೆಯುತ್ತಿದ್ದರು. ಆಮೇಲೆ ಇವನು ಎತ್ತಿಕೊಳ್ಳಬೇಕು. ಬೈದವರಲ್ಲ, ಹೊಡೆದವರಲ್ಲ. ಇವನಿಗೆ ನೂರಕ್ಕೆ ನೂರು ಬಂದಾಗ ಕಣ್ಣೊರೆಸಿಕೊಂಡವರೂ ಅವರೇ.

“ಅಲ್ಲ್ಯಾಕ ಕೂತಿ? ಈಗ ಅದೆಲ್ಲಾ ಎಲ್ಲೆದ?”

“ಇಲ್ಲೇ ಗಾಳಿ ಚಲೋ ಐತ್ರಿ.”

“ಹಳೇದು ಮನಸಿನ್ಯಾಗ ಇಟಗೋಬ್ಯಾಡಪಾ.”

“ಏನಿಲ್ರಿ.”

ಎದ್ದರೆ ಐದು ಹೆಜ್ಜೆ. ಆದರೆ ಕರೆದೊಡನೆ ಎದ್ದರೆ, ಇಷ್ಟು ವರ್ಷ ಅದಕ್ಕೇ ಕಾದು ಕುಳಿತವನಂತೆ ಆಗುತ್ತದೆ. ಅವನು ಕಾದಿದ್ದ, ಅದು ಬೇರೆ ಮಾತು. ಒಳಗೆ ಸೊಸೆ ಒಗ್ಗರಣೆ ಹಾಕಿದಳು, ಇಂಗಿನ ವಾಸನೆ ಹೊರಗೆ ಬಂತು. ಗೋಪಿಕಾಬಾಯಿ ಚಹಾದ ಲೋಟವನ್ನು ಅವನ ಕೈಗೇ ನೀಡಿದರು. ಅಷ್ಟರಲ್ಲಿ ಅವನ ಕೈ ತಾನಾಗಿ ಹಿಂದೆ ಸರಿದಿತ್ತು. ಅವರು ಅರೆಗಳಿಗೆ ಲೋಟ ಹಿಡಿದೇ ನಿಂತರು. ಆಮೇಲೆ ಹೊಸ್ತಿಲ ಮೇಲಿಟ್ಟರು.

ಅವನು ಎತ್ತಿಕೊಂಡು ಕುಡಿದ. ಚಹಾ ಚಲೋ ಇತ್ತು.

ಪಡಸಾಲೆ ನೋಡದೆಯೇ ಶಿಗ್ಗಾಂವದ ಬಾಡಿಗೆ ಮನೆಗೆ ಮರಳಿ, ಬುದ್ಧನ ಪಟದ ಕೆಳಗಿನ ಮೇಜಿನಲ್ಲಿ ಕುಳಿತು ಬರೆದ: 'ರಾಘಣ್ಣ ಮಾಸ್ತರರ ಜಗಲಿ. ಎಡಗಂಬ ನುಣುಪಾಗಿದೆ, ಯಾರೋ ಬಹಳ ವರ್ಷ ಒರಗಿದ್ದಾರೆ. ಒಳಗಿನಿಂದ ಇಂಗಿನ ವಾಸನೆ. ದಾರಿ: ಕೆಳಗೆ, ಓಣಿಗೆ.' ಒಂದಕ್ಷರ ಸುಳ್ಳಿಲ್ಲ. ಓದಿಕೊಂಡಾಗ ಅವನಿಗೆ ಎದೆ ತುಂಬಿ ಬಂತು. ಅರವತ್ತರಲ್ಲಿ ಇದರಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿರಲಿಲ್ಲ.

ತಾನೂ ಆಟದೊಳಗೆ ಹೋಗಿ ಆ ಜಗಲಿಯ ಮೇಲೆ ಕುಳಿತು ಕಾದ. ಐದೂ ಹತ್ತಕ್ಕೆ ವೇದವ್ಯಾಸನ ಫೋನು ಬಂತು.

“ಊರು ಭಾಳ ಛಲೋ ಬಂದದ ಹಾಲೇಶ. ಆದ್ರ ನಮ್ಮ ಮನೀ ಒಳಗ ಹೋಗ್ಲಿಕ್ಕೆ ಬರವಲ್ತು.”

“ಹೌದನ?”

“ಒಳಗ ಹೋಗು ಅಂದ್ರ, ದಾರಿ ಇಲ್ಲ ಅಂತದ. ಬಾಗಲಾ ಬರದಿಲ್ಲೇನು?”

“ನೋಡಿದ್ದಷ್ಟ ಬರದೇನಿ.”

ಆ ಕಡೆ ವೇದವ್ಯಾಸ ಏನೋ ಟೈಪ್ ಮಾಡುವ ಸದ್ದು ಕೇಳಿಸಿತು.

“ರವಿವಾರದೊಳಗ ಬರೀತಿ, ಹೌದಲ್ಲೋ?”

ಹಾಲೇಶ ಕತ್ತೆತ್ತಿ ನೋಡಿದ. ಪರದೆಯ ಮೇಲೆ, ಜಗಲಿಯ ವರ್ಣನೆಯ ಕೆಳಗೆ, ಹೊಸ ಸಾಲುಗಳು ಮೂಡಿದ್ದವು.

'ಇಲ್ಲಿ ವೇದವ್ಯಾಸ ಕುಳಿತಿದ್ದಾನೆ. ಇಲ್ಲಿ ಹಾಲೇಶ ಕುಳಿತಿದ್ದಾನೆ. ದಾರಿ: ಕೆಳಗೆ, ಓಣಿಗೆ.'