ಹೊರಡುವ ಮುನ್ನ ಕೂತವರು

ಗೋರಿತ್ಸಿಯ ಧಕ್ಕೆ ಚಿಕ್ಕದು. ದಡಕ್ಕೆ ತಾಗಿ ಒಂದೇ ಹಡಗು ನಿಲ್ಲಬಹುದು. ಆಮೇಲೆ ಬಂದದ್ದು ಅದರ ಪಕ್ಕೆಗೆ ಪಕ್ಕೆ ಸೇರಿಸಿ ಹಗ್ಗ ಕಟ್ಟಿಕೊಳ್ಳುತ್ತದೆ, ಅದರಾಚೆ ಇನ್ನೊಂದು. ಹೊರಗಿನ ಹಡಗಿನವರು ದಡಕ್ಕೆ ಹೋಗಬೇಕಾದರೆ ಒಳಗಿನ ಹಡಗುಗಳ ಲಾಬಿಯನ್ನು ಹಾದುಹೋಗಬೇಕು, ಪಕ್ಕದವರ ನಡುಮನೆ ದಾಟಿದ ಹಾಗೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಆ ಸಲ ನಮ್ಮದು ಮೂರನೆಯದು, ಎಲ್ಲಕ್ಕಿಂತ ಹೊರಗಿನದು. ಸೆಪ್ಟೆಂಬರ್ ಕೊನೆ, ಮಾಸ್ಕೋದಿಂದ ಪೀಟರ್ಸ್‌ಬರ್ಗಿಗೆ ವರ್ಷದ ಕೊನೆಯ ಪ್ರಯಾಣ. ಎಷ್ಟೋ ಕೋಣೆಗಳು ಖಾಲಿ ಇದ್ದುದರಿಂದ ಕೆಲಸದವರು ಮನೆಯವರಲ್ಲಿ ಒಬ್ಬರನ್ನು ಕರೆತರಬಹುದು ಎಂದು ಕಂಪನಿಯವರು ಹೇಳಿದ್ದರು. ನನಗೆ ಮನೆಯವರು ಅಂದರೆ ಅಮ್ಮ ಒಬ್ಬಳೇ. ಅವಳಿಗೂ ನಾನೊಬ್ಬಳೇ. ನಮ್ಮೂರು ಕಿಮ್ರಿಯ ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಬಳಿದು, ಅದು ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿ ಅವಳ ಕಾಲು ಸಂಜೆಯಾದರೆ ಹಿಟ್ಟಿನ ಹಾಗೆ ಊದಿಕೊಳ್ಳುತ್ತಿತ್ತು.

"ವೋಲ್ಗಾ ಪಕ್ಕದಲ್ಲೇ ಹುಟ್ಟಿದೋಳು, ಅದರ ಮೇಲೆ ಕೂತಿದ್ದು ಈಗಲೇ ಕಣೇ ಲೂಶಾ," ಅಂದಿದ್ದಳು ಮಾಸ್ಕೋದಲ್ಲಿ ಹತ್ತುವಾಗ.

ನಾನು ಹಡಗಿನಲ್ಲಿ ಕೋಣೆ ಗುಡಿಸುವವಳು. ಈ ಕೆಲಸ ನನಗೆ ಒಪ್ಪುತ್ತದೆ, ಜನ ಹೊರಗೆ ಹೋದ ಮೇಲೆ ಮಾಡುವಂಥದ್ದು. ಶಾಲೆ ಬಿಟ್ಟದ್ದೂ ಮಾತಿನ ದೆಸೆಯಿಂದಲೇ. ಕಪ್ಪು ಹಲಗೆಯ ಮುಂದೆ ನಿಲ್ಲಿಸಿದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಮ್ಮನಿಗೆ ನನ್ನ ಪಾಲಿನದನ್ನೂ ಸೇರಿಸಿ ಬಾಯಿ ಕೊಟ್ಟಿದ್ದಾನೆ ದೇವರು.

ಗೋರಿತ್ಸಿಯಲ್ಲಿ ಇಳಿಯುವ ಮುಂಚೆ ಅವಳು ಕೋಣೆಯ ಹಾಸಿಗೆಯ ಮೇಲೆ ಕೂತುಬಿಟ್ಟಳು.

"ಕೂತ್ಕೊಳೇ."

"ಅಮ್ಮ, ಸಂತೆ ನೋಡಿ ಬರೋದಕ್ಕೂ ಕೂರಬೇಕಾ? ಊಟದ ಹೊತ್ತಿಗೆ ವಾಪಸ್ ಬರ್ತೀವಿ."

"ಬರ್ತೀವಿ ಅಂತ ನೀನು ಬರೆದುಕೊಡ್ತೀಯಾ? ಕೂತ್ಕೊ, ಬಾಯಿ ಮುಚ್ಚು. ಬಾಯಿ ಹೇಗೂ ಮುಚ್ಚಿರತ್ತೆ, ಕೂತ್ಕೊ ಸಾಕು."

ಹೊರಡುವ ಮುನ್ನ ಎಲ್ಲರೂ ಒಂದು ಗಳಿಗೆ ಮಾತಿಲ್ಲದೆ ಕೂರಬೇಕು. ಆಮೇಲೆ ಇದ್ದವರಲ್ಲಿ ಹಿರಿಯರು "ಸರಿ, ದೇವರು ನಡೆಸಲಿ" ಅಂದು ಏಳಬೇಕು. ಅವರು ಏಳುವ ತನಕ ಬೇರೆ ಯಾರೂ ಏಳಬಾರದು, ಎದ್ದರೆ ದಾರಿ ಕೆಡುತ್ತದೆ. ನಮ್ಮಲ್ಲಿ ಎಲ್ಲರೂ ಮಾಡುವುದೇ, ಆದರೆ ದೂರ ಹೊರಟಾಗ. ಅಮ್ಮನಿಗೆ ಬ್ರೆಡ್ಡು ತರಲು ಹೊರಟರೂ ಬೇಕು. ಕೂತೆವು. ಅವಳು ದೇವರ ಹೆಸರು ಹೇಳಿ ಎದ್ದಳು, ನಾನೂ ಎದ್ದೆ.

ನಮ್ಮ ಲಾಬಿಯಿಂದ ಹಲಗೆ ದಾಟಿ ಎರಡನೆಯ ಹಡಗು. ಅಲ್ಲಿ ಕೆಂಪು ರತ್ನಗಂಬಳಿ, ಮೂಲೆಯಲ್ಲೊಂದು ಪ್ಲಾಸ್ಟಿಕ್ ಗಿಡ. ಅದನ್ನು ದಾಟಿದರೆ ಮೊದಲನೆಯದು. ಕೌಂಟರಿನಲ್ಲಿ ಚೂಯಿಂಗ್ ಗಮ್ ಅಗಿಯುತ್ತಿದ್ದ ಹುಡುಗಿ ನಮ್ಮ ಶೂಗಳನ್ನೇ ನೋಡುತ್ತಿದ್ದಳು, ನೆಲ ಒರೆಸಬೇಕಾದವಳು ತಾನೇ ಎಂಬಂತೆ. ಆಮೇಲೆ ದಡ.

ಅಂಗಡಿಗಳ ಸಾಲಿನಲ್ಲಿ ಅಮ್ಮ ಹೊಗೆಯಾಡಿಸಿದ ಮೀನನ್ನು ಮೂಸಿ ನೋಡಿದಳು.

"ಇದನ್ನ ಯಾವಾಗ ಹಿಡಿದಿದ್ದಮ್ಮ? ನಾನು ಮದುವೆ ಆದಾಗಲಾ?"

"ನಿಮ್ಮ ಮದುವೆಗೆ ಉಳಿದಿದ್ದೇ ಇದು, ತಗೊಳ್ಳಿ," ಅಂದಳು ಮಾರುವವಳು.

ಇಬ್ಬರೂ ನಕ್ಕರು. ಅಮ್ಮ ಕೊಂಡಳು. ಪೊಟ್ಟಣ ಹಿಡಿದುಕೊಳ್ಳುವುದು ನನ್ನ ಪಾಲಿಗೆ ಬಂತು. ಊರಿನ ಸನ್ಯಾಸಿನಿಯರ ಮಠದ ಗೋಡೆಯವರೆಗೆ ಹೋಗಿ ಬರುವಷ್ಟರಲ್ಲಿ ಅವಳಿಗೆ ಕಾಲು ಎಳೆಯತೊಡಗಿತು. ಶೆಕ್ಸ್ನಾ ನದಿಯಿಂದ ಮಂಜು ಎದ್ದು ಧಕ್ಕೆಯ ಮೇಲೆ ಬಂದಿತ್ತು. ಹತ್ತಿರದ ಹಡಗಿನ ಬಿಳಿ ಗೋಡೆ ಕಾಣುತ್ತಿತ್ತು, ಅದರಾಚೆ ಎಷ್ಟು ನಿಂತಿವೆ ಎಂದು ಕಾಣುತ್ತಿರಲಿಲ್ಲ. ನಮ್ಮ ಹಡಗು ಕೂಗು ಹಾಕಿತು.

"ಬಾರೇ, ಬಿಟ್ಟು ಹೋದಾರು," ಅಂದಳು ಅಮ್ಮ.

ಮೊದಲನೆಯ ಹಡಗು, ಗಮ್ ಅಗಿಯುವ ಹುಡುಗಿ. ಎರಡನೆಯದು, ಕೆಂಪು ಗಂಬಳಿ, ಪ್ಲಾಸ್ಟಿಕ್ ಗಿಡ. ಹಲಗೆ ದಾಟಿ ಮೂರನೆಯ ಬಾಗಿಲಲ್ಲಿ ಕಾಲಿಟ್ಟೆವು. ಅದು ನಮ್ಮದಾಗಿರಬೇಕಿತ್ತು.

ಈ ಹಡಗುಗಳೆಲ್ಲ ಒಂದೇ ಅಚ್ಚಿನವು. ಅದೇ ಮೆಟ್ಟಿಲು, ಅದೇ ಹಿತ್ತಾಳೆಯ ಹಿಡಿಗಂಬಿ, ಅದೇ ದುಂಡು ಗಡಿಯಾರ. ಆದರೆ ಹಿಡಿಗಂಬಿಯನ್ನು ಬೇಸಿಗೆಯೆಲ್ಲ ಉಜ್ಜಿದವಳು ನಾನು. ಇದನ್ನು ಯಾರೂ ಉಜ್ಜಿರಲಿಲ್ಲ. ನಮ್ಮಲ್ಲಿ ಆ ಹೊತ್ತಿಗೆ ಈರುಳ್ಳಿ ಹುರಿಯುವ ವಾಸನೆ ಇರುತ್ತದೆ. ಇಲ್ಲಿ ಯಾವ ವಾಸನೆಯೂ ಇರಲಿಲ್ಲ. ನಾವು ದಡದಲ್ಲಿದ್ದಾಗ ಇನ್ನೊಂದು ಹಡಗು ಬಂದಿರಬೇಕು, ನಮ್ಮದನ್ನು ಆಚೆ ಸರಿಸಿ ನಡುವೆ ಸೇರಿಸಿರಬೇಕು ಅಂದುಕೊಂಡೆ. ಹಾಗೆ ಮಾಡುವುದುಂಟು.

ಲಾಬಿಯ ತುಂಬ ಜನ ಕೂತಿದ್ದರು. ಕುರ್ಚಿಗಳಲ್ಲಿ, ಗೋಡೆಯ ಬೆಂಚಿನ ಉದ್ದಕ್ಕೂ, ಮೆಟ್ಟಿಲ ಮೇಲೆ, ತಮ್ಮ ತಮ್ಮ ಪೆಟ್ಟಿಗೆಗಳ ಮೇಲೆ. ಕೋಟಿನ ಗುಂಡಿ ಹಾಕಿಕೊಂಡು, ತಲೆಗೆ ವಸ್ತ್ರ ಕಟ್ಟಿಕೊಂಡು, ತೊಡೆಯ ಮೇಲೆ ಚೀಲ ಇಟ್ಟುಕೊಂಡು. ಯಾರೂ ಮಾತಾಡುತ್ತಿರಲಿಲ್ಲ.

"ಅಯ್ಯೋ, ಹೊರಟವರು ಕೂತಿದಾರೆ," ಎಂದು ಅಮ್ಮ ಪಿಸುಗುಟ್ಟಿದಳು. ಹಾಗೆ ಕೂತವರ ನಡುವೆ ಓಡಾಡುವುದು ಮರ್ಯಾದೆಯಲ್ಲ. ಯಾರಾದರೂ ತಾವೂ ಕೂತುಬಿಡುತ್ತಿದ್ದರು. ಅವಳು ಬೆಂಚಿನ ತುದಿಯಲ್ಲಿದ್ದ ಅಷ್ಟು ಜಾಗದಲ್ಲಿ ತಾನೂ ಮೆಲ್ಲನೆ ಕೂತಳು.

ನಾನೂ ಕೂರುತ್ತಿದ್ದೆನೋ ಏನೋ. ಅಷ್ಟು ಜನರ ಮುಂದೆ ನನ್ನ ಕಾಲು ಏಳಲಿಲ್ಲ. ಮೀನಿನ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತೆ.

ಒಂದು ಗಳಿಗೆ ಅಂದರೆ ಒಂದೆರಡು ಉಸಿರು. ಅದು ಕಳೆಯಿತು. ಯಾರೂ ಏಳಲಿಲ್ಲ. ಇನ್ನೂ ಕಳೆಯಿತು. ನಾನು ನೋಡತೊಡಗಿದೆ, ಬಾಯಿಲ್ಲದವರಿಗೆ ಅದೊಂದೇ ಕೆಲಸ. ಹತ್ತಿರದ ಹೆಂಗಸಿನ ಬಲೆಚೀಲದಲ್ಲಿ ಸೇಬುಗಳಿದ್ದವು, ಒಣಗಿ ಒಣಗಿ ದ್ರಾಕ್ಷಿಯಷ್ಟಾಗಿದ್ದವು. ಮೆಟ್ಟಿಲ ಮೇಲಿನ ಗಂಡಸಿನ ಹೆಗಲ ಮೇಲೆ ಧೂಳು ಕಪಾಟಿನ ಮೇಲೆ ಕೂರುವಂತೆ ಕೂತಿತ್ತು. ಅವನ ಕೋಟಿನಂಥ ಕೋಟನ್ನು ನಾನು ಅಜ್ಜಿಯ ಹಳೆಯ ಫೋಟೊಗಳಲ್ಲಿ ಮಾತ್ರ ನೋಡಿದ್ದು.

"ಅಮ್ಮ," ಅಂದೆ.

ಅವಳು ನನ್ನತ್ತ ನೋಡದೆ ಬೆರಳೆತ್ತಿ ತುಟಿಗೆ ಇಟ್ಟಳು. ಆ ಬೆರಳು ನಿಧಾನವಾಗಿ ಇಳಿದು ತೊಡೆಯ ಮೇಲೆ ಮಲಗಿತು. ಅವಳ ಮುಖ ಸಡಿಲಾಗಿತ್ತು. ಕಾಲು ನೋಯುವಾಗ ಬರುವ ಹುಬ್ಬಿನ ಗಂಟು ಹೋಗಿತ್ತು. ಅಷ್ಟು ನೆಮ್ಮದಿಯ ಮುಖವನ್ನು ನಾನು ನೋಡಿದ್ದೇ ಇಲ್ಲ, ಅದಕ್ಕೇ ಭಯವಾಯಿತು. ಬೆಳಿಗ್ಗೆ ನಾನೇ ಕೊಡವಿ ಕೊಟ್ಟ ಶಾಲಿನ ಮೇಲೆ ಆಗಲೇ ಬೂದಿಯಂಥ ತೆಳ್ಳನೆಯ ಪದರ ಇಳಿದಿತ್ತು.

ನಮ್ಮ ಹಡಗು ಮತ್ತೆ ಕೂಗಿತು, ಹೊದಿಕೆಯ ಒಳಗಿಂದ ಕೂಗಿದ ಹಾಗೆ. ಆಚೆಯ ಬಾಗಿಲು ತೆರೆದೇ ಇತ್ತು. ಹಲಗೆಯ ಆ ಕೊನೆಯಲ್ಲಿ ನಮ್ಮ ಲಾಬಿಯ ಹಳದಿ ದೀಪ, ನಾವಿಕ ರೋದಿಯೋನ್, ಅವನ ಕಿತ್ತಳೆ ಬಣ್ಣದ ಅಂಗಿ.

"ಯಾರಾದ್ರೂ ಉಳಿದಿದೀರಾ? ಹಲಗೆ ಎಳೀತೀನಿ!" ಎಂದು ಅವನು ನೇರವಾಗಿ ನನ್ನ ಮುಖ ನೋಡಿಯೇ ಕೂಗಿದ. ಅವನಿಗೆ ನಾನು ಕಾಣಲಿಲ್ಲ. ನಾನು ಕೈಯೆತ್ತಿದೆ. ಅವನು ಬಗ್ಗಿ ಹಗ್ಗ ಬಿಚ್ಚತೊಡಗಿದ.

ನಾನೊಬ್ಬಳೇ ಆಗಿದ್ದರೆ ಓಡಿಹೋಗಬಹುದಿತ್ತು. ಅಮ್ಮನ ತೋಳು ಹಿಡಿದು ಎಳೆದೆ. ಬೆಂಚಿಗೆ ಮೊಳೆ ಹೊಡೆದ ಹಾಗಿತ್ತು ತೋಳು.

"ಏಳಮ್ಮ, ನಮ್ಮ ಹಡಗು ಇದಲ್ಲ."

"ಮಧ್ಯದಲ್ಲಿ ಎದ್ದರೆ ದಾರಿ ಕೆಡತ್ತೆ ಕಣೇ," ಅಂದಳು. ತುಟಿ ಅಷ್ಟಾಗಿ ಅಲುಗಲಿಲ್ಲ. "ದೊಡ್ಡೋರು ಹೇಳ್ಲಿ."

ಗಡಿಯಾರದ ಕೆಳಗೆ ಕೂತಿದ್ದ ಮುದುಕಿ ಎಲ್ಲರಿಗಿಂತ ಹಿರಿಯಳಂತೆ ಕಂಡಳು. ಚೀಲಗಳನ್ನು ದಾಟಿಕೊಂಡು ಅವಳ ಮುಂದೆ ಹೋಗಿ ಬಗ್ಗಿದೆ. ಕಣ್ಣು ತೆರೆದಿತ್ತು, ಒಣಗಿತ್ತು.

"ಅಜ್ಜಿ, ಹೊರಡೋಣ ಅಂತ ಹೇಳಿ. ದಮ್ಮಯ್ಯ."

"ನಾನಲ್ಲಮ್ಮ," ಅಂದಳು. ದನಿ ಎಲೆ ಉಜ್ಜಿದಂತಿತ್ತು. "ನಂಗಿಂತ ದೊಡ್ಡೋರು ಒಬ್ರಿದ್ರು. ಕೆಳಗೆ ಏನೋ ಮರೆತು ಬಂದೆ ಅಂತ ಹೋದ್ರು. ಬರ್ತಾರೆ, ಬಂದು ಹೇಳ್ತಾರೆ ಅಂತ ಕೂತಿದೀವಿ."

"ಎಷ್ಟು ಹೊತ್ತಾಯ್ತು?"

"ಕೂತ ಮೇಲೆ ಹೊತ್ತು ಕೇಳಬಾರದು ಮಗಳೇ."

ಹಿಂದೆ ಹಗ್ಗ ನೀರಿಗೆ ಬಿದ್ದ ಸದ್ದಾಯಿತು. ಅಮ್ಮನನ್ನು ತಿರುಗಿ ನೋಡಿದೆ. ಅವಳ ರೆಪ್ಪೆ ಬಡಿಯುತ್ತಿರಲಿಲ್ಲ.

ಅಲ್ಲಿ ಕೂರದೆ ನಿಂತಿದ್ದವಳು ನಾನೊಬ್ಬಳೇ. ಹೇಳಬೇಕಾದ ಮಾತು ಹಿರಿಯರದ್ದು, ನನ್ನದಲ್ಲ. ಮತ್ತೆ ಕಪ್ಪು ಹಲಗೆಯ ಮುಂದೆ ನಿಲ್ಲಿಸಿದ ಹಾಗಾಯಿತು. ಬಾಯಿ ತೆರೆದೆ, ಗಾಳಿ ಬಂತು. ಮತ್ತೆ ತೆರೆದೆ.

"ಸರಿ," ಅಂದೆ. "ದೇವರು ನಡೆಸಲಿ. ಏಳಿ."

ದನಿ ಅಮ್ಮನದರಂತೆ ಬಂತು, ಪಾತ್ರೆ ಬಿದ್ದ ಹಾಗೆ.

ಎಲ್ಲರೂ ಎದ್ದರು. ಒಟ್ಟಿಗೆ, ಚರ್ಚಿನಲ್ಲಿ ಏಳುವಂತೆ. ಬೆಂಚುಗಳು ನರಳಿದವು, ಪೆಟ್ಟಿಗೆಗಳ ಹಿಡಿಗಳು ಕಿರುಗುಟ್ಟಿದವು, ಧೂಳು ಹೊಗೆಯಾಗಿ ಎದ್ದಿತು. ಅಮ್ಮನೂ ಎದ್ದು ಸೊಂಟ ಹಿಡಿದುಕೊಂಡಳು.

"ಎಷ್ಟೊತ್ತು ಕೂರಿಸ್ತಾರಪ್ಪ! ಕಾಲು ಜೋಮು ಹಿಡೀತು. ಏನೇ ಹಾಗೆ ನೋಡ್ತಿದೀಯ, ಮೀನು ಎಲ್ಲಿ?"

ನಾನು ಅವಳ ಕೈ ಹಿಡಿದು ಓಡಿದೆ. ಹಲಗೆಯ ಮೇಲೆ ಬಂದಾಗ ರೋದಿಯೋನ್ ಬೆಚ್ಚಿ ಹಿಂದೆ ಸರಿದ.

"ಎಲ್ಲಿಂದ ಉದುರಿದ್ರಿ ನೀವು? ಈಗಷ್ಟೇ ನೋಡಿದೆ, ಯಾರೂ ಇರಲಿಲ್ಲ!"

"ಕಣ್ಣು ತೊಳಕೊಳಪ್ಪ," ಅಂದಳು ಅಮ್ಮ. "ನನ್ನಂಥ ಹೆಂಗಸು ಕಾಣ್ಲಿಲ್ಲ ಅಂದ್ರೆ ಹಡಗು ಹೇಗೆ ನಡೆಸ್ತೀರೋ."

ಅವನು ನಗುತ್ತಾ ಹಲಗೆಗೆ ಕೈ ಹಾಕಿದ. ನಗು ನಿಂತಿತು. ಹಲಗೆ ಬಾಗುತ್ತಿತ್ತು. ಯಾರೋ ಕಾಲಿಟ್ಟಂತೆ ಬಾಗಿ, ಎದ್ದು, ಮತ್ತೆ ಬಾಗುತ್ತಿತ್ತು, ಒಬ್ಬರ ಹಿಂದೆ ಒಬ್ಬರು ಬಂದಂತೆ.

"ಅಲೆ ಇಲ್ಲ, ಏನಿಲ್ಲ, ಯಾಕೆ ಕುಣೀತಿದೆ ಇದು?" ಅಂದ. ಯಾಕೋ ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಿಂತ. ಅದು ನಿಲ್ಲುವ ತನಕ ಬಹಳ ಹೊತ್ತು ನಿಂತಿದ್ದ. ಆಮೇಲೆ ಎಳೆದುಕೊಂಡ.

ನಮ್ಮ ಹಡಗು ಸರಿದು ಮಂಜು ತೆಳುವಾದಾಗ ಹಿಂದೆ ನೋಡಿದೆ. ಧಕ್ಕೆಯಲ್ಲಿ ಎರಡೇ ಹಡಗುಗಳು. ಹೊರಗಿನದರ ಬಾಗಿಲಲ್ಲಿ ಕೆಂಪು ಗಂಬಳಿ ಕಾಣುತ್ತಿತ್ತು.

ಅಮ್ಮನಿಗೆ ಏನೂ ಅನ್ನಿಸಿರಲಿಲ್ಲ. "ಮರ್ಯಾದಸ್ಥ ಜನ," ಅಂದಳು ಅಷ್ಟೆ. ಊಟದಲ್ಲಿ ಎಲೆಕೋಸಿನ ಸೂಪಿಗೆ ಉಪ್ಪಿಲ್ಲ ಎಂದು ಬಡಿಸುವವನನ್ನು ಬೈದಳು. ಆ ಬೈಗುಳ ಕೇಳಿ ನನಗೆ ಅಳು ಬಂತು.

ಊಟ ಮುಗಿಸಿ ಲಾಬಿಯ ನೆಲ ಒರೆಸಲು ಹೋದೆ. ಅವರು ಅಲ್ಲಿದ್ದರು.

ನಮ್ಮ ಕುರ್ಚಿಗಳಲ್ಲಿ, ನಮ್ಮ ಮೆಟ್ಟಿಲ ಮೇಲೆ, ಚೀಲ ತೊಡೆಯ ಮೇಲಿಟ್ಟುಕೊಂಡು. ಪ್ರಯಾಣಿಕರು ಮಾತಾಡುತ್ತಾ ಹೋಗುತ್ತಿದ್ದರು. ಕಾಣದಿದ್ದರೂ ಯಾರೂ ಅವರಿಗೆ ತಾಗುತ್ತಿರಲಿಲ್ಲ, ಮೆಟ್ಟಿಲಲ್ಲಿ ಕಾರಣವಿಲ್ಲದೆ ಗೋಡೆಗೆ ಒತ್ತಿಕೊಂಡು ಹತ್ತುತ್ತಿದ್ದರು. ಆ ಹಡಗಿನಲ್ಲಿ ಯಾರೂ ನನ್ನನ್ನು ನೋಡಿರಲಿಲ್ಲ. ಇಲ್ಲಿ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು.

ಮುದುಕಿ ಗಡಿಯಾರದ ಕೆಳಗೇ ಕೂತಿದ್ದಳು.

"ಹೊರಡಿಸಿದೋಳು ನೀನು," ಅಂದಳು. "ಎಲ್ಲಿಗೆ ಅಂತ ಹೇಳಮ್ಮ."

ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಏನೋ ಮರೆತೆ ಅಂತ ಕೆಳಗೆ ಹೋದ ಆ ಹಿರಿಯರೊಬ್ಬರಿಗೇ.

"ಹೇಳದಿದ್ರೆ?"

"ಮತ್ತೆ ಕೂತಿರ್ತೀವಿ. ನಿಮ್ಮಮ್ಮನೂ ಕೂತಿದ್ಲಲ್ಲ, ನಮ್ಮ ಜೊತೆಯೋಳೇ ಈಗ. ಬೆಂಚಲ್ಲಿ ಅವಳ ಜಾಗ ಬಿಟ್ಟಿದೀವಿ."

ನಿಜ. ಬೆಂಚಿನ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಮೇಲಿನ ಮೆಟ್ಟಿಲಲ್ಲಿ ಅಮ್ಮನ ಎಳೆಯುವ ಹೆಜ್ಜೆ ಕೇಳಿಸಿತು, ಕಾಲು ನೋಯುತ್ತಿರುವ ಹೆಜ್ಜೆ.

"ಅವಳು ನಿಮ್ಮ ಜೊತೆಯೋಳಲ್ಲ," ಅಂದೆ. "ನಾನು ಇರ್ತೀನಿ. ಎಲ್ಲಿಗೆ ಅನ್ನೋದನ್ನ ನಾನು ಹೇಳ್ತೀನಿ. ಅವಳನ್ನ ಮರೆತುಬಿಡಿ."

ಬೆಂಚಿನಲ್ಲಿದ್ದವರು ಒಬ್ಬರ ಪಕ್ಕ ಒಬ್ಬರು ಸರಿದರು. ಜಾಗ ಮುಚ್ಚಿಹೋಯಿತು. ಅಮ್ಮ ಇಳಿದು ಬಂದು ಕೂರಲು ಅತ್ತಿತ್ತ ನೋಡಿದಳು.

"ಎಲ್ಲ ಖಾಲಿ ಇದೆ, ಯಾಕೋ ಕೂರಬೇಕು ಅನ್ನಿಸ್ತಿಲ್ಲ," ಅಂದು ಕೋಣೆಗೆ ಹೋದಳು.

ಪೀಟರ್ಸ್‌ಬರ್ಗಿನಲ್ಲಿ ಅವಳನ್ನು ರೈಲು ಹತ್ತಿಸಿದೆ. ಚಳಿಗಾಲ ಪೂರ್ತಿ ಹಡಗು ಕಾಯಲು ಒಬ್ಬರು ಬೇಕು ಎಂದಿದ್ದರು, ನಾನು ಒಪ್ಪಿಕೊಂಡಿದ್ದೆ. ಅವಳು ನಿಲ್ದಾಣದ ಬೆಂಚಿನ ಮೇಲೆ ಕೂತು ಪಕ್ಕ ತಟ್ಟಿದಳು.

"ಕೂತ್ಕೊಳೇ."

"ನೀನು ಕೂತ್ಕೊಮ್ಮ. ಹೊರಟಿರೋಳು ನೀನು."

"ದೆವ್ವದಂಥ ಹಟ," ಅಂದಳು. ಒಬ್ಬಳೇ ಕೂತು, ದೇವರ ಹೆಸರು ಹೇಳಿ, ಒಬ್ಬಳೇ ಎದ್ದಳು. ನನ್ನ ಮೇಲೆ ಸಿಟ್ಟು ಮಾಡಿಕೊಂಡೇ ಹೋದಳು.

ಈಗ ಸುತ್ತ ಹಿಮಗಟ್ಟಿದೆ. ಹಡಗು ಅಲುಗುವುದಿಲ್ಲ. ವಾರಕ್ಕೊಮ್ಮೆ ಅಮ್ಮ ಫೋನು ಮಾಡುತ್ತಾಳೆ. ಕಾಲು ನೋಯುತ್ತದಂತೆ, ಮೇಲಿನ ಮನೆಯವರ ನಾಯಿ ಬೊಗಳುತ್ತದಂತೆ, ನನ್ನ ದನಿ ಈಚೆಗೆ ಗಟ್ಟಿಯಾಗಿದೆಯಂತೆ. "ಯಾರ ಜೊತೆ ಮಾತಾಡ್ತೀಯೇ ಅಲ್ಲಿ ಅಷ್ಟೊಂದು?" ಎಂದು ಕೇಳುತ್ತಾಳೆ.

ದಿನಾ ಮಧ್ಯಾಹ್ನ ಲಾಬಿಯಲ್ಲಿ ಒಲೆ ಹಚ್ಚುತ್ತೇನೆ. ಅವರ ಹೆಗಲ ಮೇಲಿನ ಧೂಳು ಒರೆಸುತ್ತೇನೆ. ಎಲ್ಲಿಗೆ ಎಂದು ಅವರು ಕೇಳುತ್ತಾರೆ.

"ನದಿಯ ಹಿಮ ಬಿಡಲಿ," ಅನ್ನುತ್ತೇನೆ.

ಅವರು ತಲೆಯಾಡಿಸುತ್ತಾರೆ. ಮೇ ತಿಂಗಳಿಗೆ ಹಿಮ ಒಡೆಯುತ್ತದೆ. ಆಗ ಏನು ಹೇಳಬೇಕೆಂದು ನನಗಿನ್ನೂ ಗೊತ್ತಿಲ್ಲ. ಅಮ್ಮ ಇರುವ ಊರಿನ ಹೆಸರನ್ನು ಮಾತ್ರ ಬಾಯಿ ತಪ್ಪಿಯೂ ಹೇಳುವುದಿಲ್ಲ.