ವೇದಿಕೆಯಿಂದ ಇಳಿಸಿದ ಕುರ್ಚಿ

ನಾನು ಒಂದು ಕುರ್ಚಿ. ಈಗ ನನ್ನನ್ನು ಕಂಡವರು ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ. ಹುಟ್ಟುವಾಗ ನಾನು ಹೀಗಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನದು ಅಪ್ಪಟ ಸಾಗುವಾನಿ ಮೈ. ಬೆಟಗೇರಿಯ ಬಡಿಗೇರ ಮೌನೇಶಪ್ಪ ನನ್ನ ಬೆನ್ನಿಗೆ ದ್ರಾಕ್ಷಿ ಬಳ್ಳಿ ಕೆತ್ತಿದ, ನಡುವೆ ಶಿಲುಬೆ ಕೂರಿಸಿದ, ಕೈಗಳ ತುದಿಗೆ ಸಿಂಹದ ಮುಖ ಬಿಡಿಸಿದ. ಮಾಡಿಸಿದವರು ನಮ್ಮ ಊರ ಕ್ರೈಸ್ತ ಸಭೆಯ ಕಾರ್ಯದರ್ಶಿ ದಾನಿಯೇಲಪ್ಪನವರು. ತಮ್ಮ ತಂದೆಯ ನೆನಪಿಗೆಂದು ದೇವಾಲಯಕ್ಕೆ ದಾನ ಕೊಟ್ಟರು. ಹಿಂಬದಿಯಲ್ಲಿ ಹಿತ್ತಾಳೆ ತಗಡು ಹೊಡೆಸಿ ತಂದೆಯ ಹೆಸರು ಸಣ್ಣದಾಗಿ, ತಮ್ಮ ಹೆಸರು ದೊಡ್ಡದಾಗಿ ಬರೆಸಿದರು.

ನಮ್ಮ ದೇವಾಲಯದಲ್ಲಿ ಮಂದಿ ಜಮಖಾನೆಯ ಮೇಲೆ ಕೂರುತ್ತಾರೆ. ವೇದಿಕೆಯ ಮೇಲೆ ನಾನೊಬ್ಬನೇ. ಭಾನುವಾರ ನನ್ನ ಮೇಲೆ ಅಯ್ಯನವರು ಕೂರುತ್ತಿದ್ದರು. ಪಾದ್ರಿಗಳನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಉಳಿದ ದಿನ ಕಮಿಟಿ ಸೇರಿದಾಗ ನಾನು ದಾನಿಯೇಲಪ್ಪನವರ ಸ್ವತ್ತು. ಅವರು ಸಿಂಹದ ತಲೆಗಳನ್ನು ಹಿಡಿದು ಕೂತರೆ, ಅಯ್ಯನವರು ಎದುರಿಗೆ ನಿಂತು ಲೆಕ್ಕ ಒಪ್ಪಿಸುತ್ತಿದ್ದರು. "ಅಯ್ಯನೋರು ಬರ್ತಾರ, ಹೋಗ್ತಾರ. ಕುರ್ಚಿ ಇಲ್ಲೇ ಇರತೈತಿ" ಎಂದು ದಾನಿಯೇಲಪ್ಪ ನಗುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಆ ಮಾತು ಬಹಳ ಹಿಡಿಸುತ್ತಿತ್ತು.

ಆಮೇಲೆ ಬಂದನಲ್ಲ, ಯೋವೇಲ ಅಯ್ಯ. ಅವನನ್ನು ಬಹುವಚನದಲ್ಲಿ ಕರೆಯಲು ನನ್ನ ನಾಲಿಗೆ ಇಂದಿಗೂ ಏಳುವುದಿಲ್ಲ. ಬಂದ ದಿನವೇ ನನ್ನ ಮೇಲೆ ಹತ್ತಿ ನಿಂತು ಟ್ಯೂಬ್‌ಲೈಟ್ ಬದಲಾಯಿಸಿದ. ಚಪ್ಪಲಿ ಬಿಟ್ಟು ಹತ್ತಿದ, ಅಷ್ಟೇ ಉಪಕಾರ. ಭಾನುವಾರ ನನ್ನನ್ನು ಕೆಳಗಿಳಿಸಿ ಒಬ್ಬ ಬಸುರಿ ಹೆಂಗಸಿಗೆ ಕೊಟ್ಟು, ತಾನು ಜಮಖಾನೆಯ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತ. ದಾನಿಯೇಲಪ್ಪನವರ ಮುಖ ಕೆಂಪೇರಿತು.

"ಅಯ್ಯನವರ, ಆ ಕುರ್ಚಿ ಮಾಡ್ಸಿದ್ದು ನಿಮಗ ಕುಂಡ್ರಾಕ."

"ಮಂದಿ ಕೆಳಗ ಕುಂತಾರಲ್ರೀ ಹಿರಿಯರ."

"ಮಂದಿ ಮಂದೀನ. ಅವರ ಸರೀಕ ಕುಂತ್ರ ನಾಳೆ ನಿಮ್ಮ ಮಾತು ಯಾರು ಕೇಳ್ತಾರ?"

ಆತ ಸುಮ್ಮನೆ ನಕ್ಕ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಮಳೆಗಾಲದಲ್ಲಿ ದೇವಾಲಯದ ಹಿಂದಿನ ಪಾಯಖಾನೆ ಕಟ್ಟಿಕೊಂಡಿತು. "ಆ ಓಣಿಯಿಂದ ಯಾರನ್ನರ ಕರಸ್ರಿ" ಎಂದರು ದಾನಿಯೇಲಪ್ಪ. ಯಾವ ಓಣಿ ಎಂದು ಹೇಳುವ ಅಗತ್ಯ ನಮ್ಮೂರಲ್ಲಿ ಯಾರಿಗೂ ಇಲ್ಲ. ಯೋವೇಲ ಅಯ್ಯ ಯಾರನ್ನೂ ಕರೆಸಲಿಲ್ಲ. ಪ್ಯಾಂಟು ಮಡಚಿ, ಉದ್ದನೆಯ ಬಿದಿರು ಕೋಲು ಹಿಡಿದು ತಾನೇ ಇಳಿದ. ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು.

ಮುಂದಿನ ಭಾನುವಾರ ಕರ್ತನ ಭೋಜನವಿತ್ತು, ಯೇಸುವಿನ ನೆನಪಿಗೆ ಸಭೆಯೆಲ್ಲ ರೊಟ್ಟಿ ಹಂಚಿ ತಿನ್ನುವ ದಿನ. ಆತ ರೊಟ್ಟಿ ಮುರಿದು ಒಬ್ಬೊಬ್ಬರ ಅಂಗೈಗೆ ಕೊಡುತ್ತ ಬಂದ. ದಾನಿಯೇಲಪ್ಪನವರ ಮುಂದೆ ಕೈ ಚಾಚಿದಾಗ ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಆ ಕೈಲೆ ನಾ ತಗೊಳ್ಳಂಗಿಲ್ಲ."

ಇಡೀ ಸಭೆ ಕೇಳುವಂತೆ ಹೇಳಿ ಹೊರನಡೆದರು. ಅವರ ಹಿಂದೆ ಕಮಿಟಿಯ ಅರ್ಧ ಜನ ಎದ್ದು ಹೋದರು. ಹಾಗೇ ಆಗಬೇಕಿತ್ತು ಎಂದುಕೊಂಡೆ. ಅಂದಿನಿಂದ ದಾನಿಯೇಲಪ್ಪ ದೇವಾಲಯಕ್ಕೆ ಬರುವುದನ್ನು ಬಿಟ್ಟರು, ಭೋಜನವನ್ನೂ ಬಿಟ್ಟರು. ಈತನನ್ನು ವರ್ಗ ಮಾಡಿಸುವವರೆಗೆ ರೊಟ್ಟಿ ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಅಪ್ಪನ ಕಾಲದಿಂದ ಒಂದು ಭೋಜನವನ್ನೂ ತಪ್ಪಿಸದ ಮನುಷ್ಯ ಅವರು. ಒಳಗೊಳಗೇ ಸಂಕಟಪಡುತ್ತಿದ್ದಾರೆಂದು ಅವರ ಹೆಂಡತಿ ರಾಹೇಲಮ್ಮ ದೇವಾಲಯದಲ್ಲಿ ಒಬ್ಬರ ಹತ್ತಿರ ಹೇಳಿ ಅತ್ತದ್ದನ್ನು ನಾನು ಕೇಳಿಸಿಕೊಂಡೆ.

ವರ್ಗವಾಗುವ ಮೊದಲೇ ದಾನಿಯೇಲಪ್ಪನವರಿಗೆ ಲಕ್ವಾ ಹೊಡೆಯಿತು. ಬಲಗಡೆಯ ಕೈಕಾಲು ಬಿದ್ದವು, ನಾಲಿಗೆ ತೊದಲಿತು. ಅವರೊಂದಿಗೆ ಎದ್ದು ಹೋಗಿದ್ದ ಕಮಿಟಿಯವರು ಒಮ್ಮೆ ಬಂದು ಬಾಳೆಹಣ್ಣು ಇಟ್ಟು ಹೋದರಂತೆ. ಮಕ್ಕಳಿಲ್ಲದ ಮನೆ. ಎಂಬತ್ತು ಕೇಜಿಯ ಗಂಡನನ್ನು ಪಾಯಖಾನೆಗೆ ಎತ್ತಿ ಒಯ್ಯಲು ಕಡ್ಡಿಯಂಥ ರಾಹೇಲಮ್ಮನಿಂದ ಆದೀತೇ? ಕೆಳಗೆ ಕುಕ್ಕರಗಾಲಲ್ಲಿ ಕೂರಲು ದಾನಿಯೇಲಪ್ಪನವರಿಗೂ ಆಗದು. ಹಾಸಿಗೆಯಲ್ಲೇ ಎಲ್ಲ ಆಗುತ್ತಿತ್ತು.

ಯೋವೇಲ ಅಯ್ಯ ನೋಡಲು ಹೋದ, ಬೈಸಿಕೊಂಡು ಬಂದ. ಬಂದವನೇ ವೇದಿಕೆ ಹತ್ತಿ ನನ್ನನ್ನು ಬಹಳ ಹೊತ್ತು ನೋಡಿದ. ಅಂತೂ ಬುದ್ಧಿ ಬಂತು, ಇವತ್ತು ಕೂರುತ್ತಾನೆ ಎಂದುಕೊಂಡೆ. ಆತ ನನ್ನನ್ನು ಮಗುಚಿ ಹಾಕಿ ಗರಗಸ ತಂದ.

ಕಮಿಟಿಯವನೊಬ್ಬ ಓಡಿ ಬಂದ. "ಏನ್ ಮಾಡಾಕತ್ತೀರಿ? ದಾನ ಕೊಟ್ಟ ಕುರ್ಚಿ ಅದು."

"ಕೊಟ್ಟವರಿಗೇ ಬೇಕಾಗೇತ್ರಿ" ಎಂದು ಆತ ಕೊಯ್ಯತೊಡಗಿದ. ನುರಿತ ಬಡಿಗನ ಕೈಯಾಗಿದ್ದರಾದರೂ ಸಹಿಸುತ್ತಿದ್ದೆ. ಈ ಅಡ್ಡಕಸುಬಿ ನನ್ನ ಕೂರುವ ಹಲಗೆಯ ನಡುವೆ ಸೊಟ್ಟಪಟ್ಟ ತೂತು ಕೊರೆದ, ಅಂಚನ್ನು ಉಜ್ಜಿ ನುಣುಪು ಮಾಡಿದ, ಕೆಳಗೆ ತಗಡಿನ ಪಾತ್ರೆ ಇಟ್ಟ. ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು.

ಆತ ಮನೆಗೆ ಹೊತ್ತು ತಂದ ನನ್ನನ್ನು ಕಂಡು ದಾನಿಯೇಲಪ್ಪ ಇದ್ದ ಒಂದೇ ಕೈಯಿಂದ ತಂಬಿಗೆ ಎಸೆದರು. "ಹೊರಗ ಹೋಗು" ಎಂದು ತೊದಲಿದರು. ಯಾರಿಗೆ ಹೇಳಿದ್ದು, ನನಗೋ ಆತನಿಗೋ? ಇಬ್ಬರೂ ಹೋಗಲಿಲ್ಲ. ಆತ ಅವರ ಕಂಕುಳಿಗೆ ಕೈ ಹಾಕಿ ಎತ್ತಿ ನನ್ನ ಮೇಲೆ ಕೂರಿಸಿದ. ಅವರ ಎಡಗೈ ತಾನಾಗಿ ಸಿಂಹದ ತಲೆಯನ್ನು ಹುಡುಕಿಕೊಂಡಿತು.

ದಿನಾ ಬೆಳಿಗ್ಗೆ ಬರುತ್ತಿದ್ದ. ಅವರು ಬೈಯುವರು, ಈತ ಎತ್ತುವನು. ಅವರು ಮುಖ ತಿರುಗಿಸುವರು, ಈತ ತೊಳೆಯುವನು. ಪಾತ್ರೆ ತೆಗೆಯಲು ನನ್ನ ಮುಂದೆ ಮೊಣಕಾಲೂರಬೇಕಿತ್ತು. ವೇದಿಕೆಯ ಮೇಲಿದ್ದಷ್ಟು ವರ್ಷ ಯಾರೂ ನನಗೆ ಮೊಣಕಾಲೂರಿರಲಿಲ್ಲ, ಮಂದಿ ಊರುತ್ತಿದ್ದದ್ದು ದೇವರಿಗೆ. ಈತ ಊರಿದ್ದೂ ನನಗಾಗಿ ಅಲ್ಲ ಎನ್ನುವುದು ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ದಿನ ಕಳೆದಂತೆ ಬೈಗಳು ಕಡಿಮೆಯಾದವು. ಒಂದು ಭಾನುವಾರ ಆತ ಎಂದಿನಂತೆ ಕೆಲಸ ಮುಗಿಸಿ, ಸಾಬೂನು ಹಚ್ಚಿ ಕೈ ತೊಳೆದು ಹೊರಡುತ್ತಿದ್ದ. ದೇವಾಲಯದಲ್ಲಿ ಭೋಜನ ನಡೆಸಬೇಕಿತ್ತು. ಜೋಳಿಗೆಯಲ್ಲಿ ರೊಟ್ಟಿಯಿತ್ತು.

"ನನಗ?" ಎಂದರು ದಾನಿಯೇಲಪ್ಪ.

ಆತ ನಿಂತ. "ತಡೀರಿ ಹಿರಿಯರ, ಇನ್ನೊಮ್ಮೆ ಕೈ ತೊಳಕೊಂಡ ಬರ್ತೀನಿ" ಎಂದ. ಹಳೆಯ ಮಾತನ್ನು ಆತ ಮರೆತಿರಲಿಲ್ಲ. ಅವರೂ ಮರೆತಿರಲಿಲ್ಲ. ಎಡಗೈಯಿಂದ ಆತನ ಮುಂಗೈ ಹಿಡಿದು ತಮ್ಮತ್ತ ಎಳೆದರು.

"ಸಾಕ್ರಿ, ಅಯ್ಯನವರ. ತೊಳದದ್ದು ಸಾಕು. ಈ ಕೈಲೇ ಕೊಡ್ರಿ."

ನನ್ನ ಮೇಲೆ ಕೂತೇ ತೆಗೆದುಕೊಂಡರು. ರಾಹೇಲಮ್ಮ ಸೆರಗಿನಿಂದ ಅವರ ಬಾಯಿ ಒರೆಸಿದರು. ಚಳಿಗಾಲದಲ್ಲಿ ದಾನಿಯೇಲಪ್ಪ ತೀರಿಕೊಂಡರು.

ಆಮೇಲೆ ನಾನು ಹಾಸಿಗೆ ಹಿಡಿದವರ ಮನೆಮನೆ ತಿರುಗಿದೆ. ಆ ಓಣಿಗೂ ಹೋಗಿ ಬಂದೆ. ಯೋವೇಲ ಅಯ್ಯನಿಗೆ ಬೇರೆ ಊರಿಗೆ ವರ್ಗವಾಯಿತು. ಈಗ ದೇವಾಲಯದ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದೇನೆ. ಒಂದು ಸಿಂಹದ ಮೂಗು ಮುರಿದಿದೆ. ಆತನನ್ನು ನಾನು ಕ್ಷಮಿಸಿಲ್ಲ.

ಮೊನ್ನೆ ಹೊಸ ಕಮಿಟಿಯವರು ನನ್ನನ್ನು ನೋಡಲು ಬಂದರು. ಚಲೋ ಸಾಗುವಾನಿ, ತೂತು ಮುಚ್ಚಿಸಿ ಪಾಲಿಶ್ ಹೊಡೆಸಿ ಮತ್ತೆ ವೇದಿಕೆಗೆ ಏರಿಸೋಣ ಎಂದರು. ನನ್ನ ಎದೆ ಹಿಗ್ಗಿತು. ಮಗ್ಗುಲಲ್ಲಿ ಕೋಲೂರಿ ನಿಂತಿದ್ದ ರಾಹೇಲಮ್ಮ ಬಾಯಿ ಹಾಕಿದರು.

"ಮುಚ್ಚಬ್ಯಾಡ್ರಿ. ನಾಳೆ ನನಗ ಬೇಕಾಗತೈತಿ. ಆಮ್ಯಾಲೆ ನಿಮಗ."

ಕಮಿಟಿಯವರು ಒಬ್ಬೊಬ್ಬರೇ ಹೊರಟರು. ನನ್ನನ್ನು ಕೇಳಿದ್ದರೆ ನಾನೂ ಮುಚ್ಚುವುದು ಬೇಡವೆನ್ನುತ್ತಿದ್ದೆನೋ ಏನೋ. ಯಾರೂ ಕೇಳಲಿಲ್ಲ.